ಒಂದೇ ಶರ್ಟ್, ಒಂದೇ ಮೆಷಿನ್, ಒಂದೇ ಸಂಬಳ: ಎರಡು ಲೈನ್‌ಗಳ ಉತ್ಪಾದನೆಯಲ್ಲಿ ಇಷ್ಟು ಅಂತರ ಏಕೆ?

ಪ್ರಶ್ನೆ: ಫ್ಲೋರ್ ಇನ್‌ಚಾರ್ಜ್, ದೊಡ್ಡಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಸೂಪರ್‌ವೈಸರ್ ಆಗಿದ್ದ ನನಗೆ ಇತ್ತೀಚೆಗೆ ಫ್ಲೋರ್ ಇನ್‌ಚಾರ್ಜ್ ಆಗಿ ಬಡ್ತಿ ದೊರೆತಿದೆ. ನನ್ನ ಹೊಣೆಯಲ್ಲಿರುವ ಲೈನ್‌ಗಳ (ಟೈಲರ್‌ಗಳು ಸಾಲಾಗಿ ಕುಳಿತು ಒಬ್ಬೊಬ್ಬರು ಒಂದೊಂದು ಭಾಗ ಹೊಲಿಯುವ ಸಾಲುಗಳ) ಪೈಕಿ ಎರಡರಲ್ಲಿ ಸದ್ಯ ಒಬ್ಬನೇ ಬಯರ್‌ನ ಒಂದೇ ಸ್ಟೈಲಿನ ಫುಲ್ ಶರ್ಟ್ ಓಡುತ್ತಿದೆ. ಎರಡರಲ್ಲಿಯೂ ತಲಾ 40 ಟೈಲರ್‌ಗಳಿದ್ದಾರೆ, ಮೆಷಿನ್‌ಗಳು ಒಂದೇ ಕಾಲದಲ್ಲಿ ಕೊಂಡವು, ಸಂಬಳದ ದರ್ಜೆಗಳೂ ಒಂದೇ. ಒಂದು ಶರ್ಟಿಗೆ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಲೆಕ್ಕ ಹಾಕಿರುವ ಎಸ್‌ಎಎಂ, ಅಂದರೆ ಅದನ್ನು ಹೊಲಿಯಲು ಹಿಡಿಯಬೇಕಾದ ಒಟ್ಟು ವೇಳೆ, 24 ನಿಮಿಷ. ಹೀಗಿದ್ದರೂ ಎಂಟು ಗಂಟೆಯ ಪಾಳಿಯಲ್ಲಿ ಒಂದನೇ ಲೈನ್ ಸರಾಸರಿ 500 ಪೀಸ್ ಕೊಡುತ್ತದೆ, ಎರಡನೇ ಲೈನ್ 370ರ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ.

ಕಳೆದ ಪ್ರೊಡಕ್ಷನ್ ಮೀಟಿಂಗಿನಲ್ಲಿ ಎರಡನೇ ಲೈನಿನವರಿಗೆ ಕೆಲಸದಲ್ಲಿ ಆಸಕ್ತಿಯಿಲ್ಲವೆಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿಬಿಟ್ಟರು. ಆಮೇಲೆ ನಡೆದ ಚರ್ಚೆಯೆಲ್ಲ ಪರಿಹಾರದ ಕುರಿತಾಗಿಯೇ ಇತ್ತು. ಪೀಸಿಗೆ ಇಂತಿಷ್ಟು ಎಂದು ಇನ್ಸೆಂಟಿವ್ ಕೊಡಬೇಕೆಂದು ಒಬ್ಬರು ಹೇಳಿದರೆ, ಲೈನಿನ ತಲೆಯ ಮೇಲೆ ಕ್ಯಾಮೆರಾ ಹಾಕಬೇಕೆಂದು ಇನ್ನೊಬ್ಬರು ಹೇಳಿದರು. ಸೂಪರ್‌ವೈಸರ್ ಸ್ವಲ್ಪ ಮೆತ್ತಗಿನ ಮನುಷ್ಯ, ಗದರಿಸಬಲ್ಲವರೊಬ್ಬರನ್ನು ಅಲ್ಲಿಗೆ ಹಾಕಿದರೆ ತಾನಾಗಿಯೇ ಸರಿಹೋಗುತ್ತದೆ ಎಂಬುದು ಮತ್ತೊಬ್ಬರ ವಾದ. ನನಗೆ ಇವುಗಳಲ್ಲಿ ಯಾವುದೂ ಒಪ್ಪಿಗೆಯಾಗಲಿಲ್ಲ, ಆದರೆ ಒಪ್ಪದಿರುವುದಕ್ಕೆ ಗಟ್ಟಿಯಾದ ಕಾರಣ ಕೊಡುವಷ್ಟು ಓದು ನನ್ನಲ್ಲಿಲ್ಲ. ಉತ್ಪಾದನಾ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರರ ಸಾಧನೆಯನ್ನು ನಿಜವಾಗಿ ನಿರ್ಧರಿಸುವುದು ಯಾವುದು? ಸಂಬಳವೇ, ತರಬೇತಿಯೇ, ಮೇಲ್ವಿಚಾರಣೆಯೇ, ಕೆಲಸದ ಜಾಗದ ಸ್ಥಿತಿಯೇ? ಈ ಕ್ಷೇತ್ರದಲ್ಲಿ ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಐಇ

ತಾವು ಅಂಕಿಗಳನ್ನು ಕೊಟ್ಟು ಪ್ರಶ್ನೆ ಕೇಳಿರುವುದು ಒಳ್ಳೆಯದಾಯಿತು, ಏಕೆಂದರೆ ಉತ್ತರದ ಅರ್ಧ ಭಾಗ ಅದರಲ್ಲಿಯೇ ಇದೆ. 40 ಜನರನ್ನು 480 ನಿಮಿಷಗಳಿಂದ ಗುಣಿಸಿದರೆ ಲೈನಿನ ಬಳಿ ದಿನಕ್ಕೆ 19,200 ನಿಮಿಷಗಳಿವೆ. ಶರ್ಟೊಂದಕ್ಕೆ 24 ನಿಮಿಷದಂತೆ ನೂರಕ್ಕೆ ನೂರು ದಕ್ಷತೆಯಲ್ಲಿ 800 ಪೀಸ್ ಬರಬೇಕು. ಒಂದನೇ ಲೈನಿನ ದಕ್ಷತೆ ಶೇ 62ರ ಸುತ್ತ, ಎರಡನೆಯದರದು ಶೇ 46ರ ಸುತ್ತ ಇದೆ. ನಡುವಿನ 130 ಪೀಸುಗಳ ಅಂತರವನ್ನು ನಿಮಿಷಕ್ಕೆ ಇಳಿಸಿ 40 ಜನರಿಗೆ ಹಂಚಿದರೆ ತಲೆಗೆ 78 ನಿಮಿಷ ಬರುತ್ತದೆ. ಅಂದರೆ ಮೀಟಿಂಗಿನಲ್ಲಿದ್ದವರ ಪ್ರಕಾರ ಎರಡನೇ ಲೈನಿನ ಒಬ್ಬೊಬ್ಬ ಟೈಲರ್ ಕೂಡ ಪಕ್ಕದ ಲೈನಿನವರಿಗಿಂತ ದಿನಕ್ಕೆ ಒಂದೂಕಾಲು ಗಂಟೆ ಹೆಚ್ಚು ಮೈಗಳ್ಳತನ ಮಾಡುತ್ತಿದ್ದಾರೆ. ಸೂಪರ್‌ವೈಸರ್, ಹೊಲಿಗೆ ಪರೀಕ್ಷಿಸುವ ಚೆಕ್ಕರ್, ಐಇ ಮೂವರೂ ಓಡಾಡುತ್ತಿರುವ ಫ್ಲೋರಿನಲ್ಲಿ ನಲವತ್ತು ಜನ ಒಟ್ಟಾಗಿ ಹೀಗೆ ಮಾಡಲು ಸಾಧ್ಯವೇ ಎಂದು ತಾವೇ ಯೋಚಿಸಿ.

ಆ 78 ನಿಮಿಷಗಳು ಎಲ್ಲಿಗೆ ಹೋಗುತ್ತಿವೆ ಎಂಬುದನ್ನು ಮೊದಲು ಕಂಡುಹಿಡಿಯಬೇಕು, ಅದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಡ. ಸುಮಾರು 1930ರ ದಶಕದಲ್ಲಿ ಬ್ರಿಟನ್ನಿನ ಹತ್ತಿ ಗಿರಣಿಗಳಿಗಾಗಿ ಎಲ್.ಎಚ್.ಸಿ. ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ ಸರಳ ವಿಧಾನವೊಂದಿದೆ. ದಿನದಲ್ಲಿ ಹಲವು ಬಾರಿ, ಆದರೆ ಗೊತ್ತಾದ ಹೊತ್ತಿಗಲ್ಲ, ಲೈನಿನುದ್ದಕ್ಕೂ ಒಮ್ಮೆ ನಡೆದು ಹೋಗಿ. ಪ್ರತಿಯೊಬ್ಬರೂ ಆ ಕ್ಷಣದಲ್ಲಿ ಏನು ಮಾಡುತ್ತಿದ್ದಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ: ಹೊಲಿಯುತ್ತಿದ್ದಾರೆಯೇ, ಪೀಸ್ ಬಾರದೆ ಕಾಯುತ್ತಿದ್ದಾರೆಯೇ, ಮೆಕ್ಯಾನಿಕ್‌ಗಾಗಿ ಕೈ ಎತ್ತಿ ಕುಳಿತಿದ್ದಾರೆಯೇ, ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾರೆಯೇ, ಸೀಟಿನಲ್ಲಿಲ್ಲವೇ. ಒಂದು ವಾರ ಎರಡೂ ಲೈನ್‌ಗಳಲ್ಲಿ ಹೀಗೆ ಗುರುತು ಹಾಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ಟೈಲರ್‌ಗಳಿಗೆ ಮೊದಲೇ ವಿಷಯ ತಿಳಿಸಿ, ಪಟ್ಟಿಯಲ್ಲಿ ಹೆಸರು ಬರೆಯುವುದಿಲ್ಲವೆಂದು ಹೇಳಿ, ಹೇಳಿದಂತೆಯೇ ನಡೆದುಕೊಳ್ಳಿ.

ಶರ್ಟಿನ ಲೈನಿನಲ್ಲಿ ನಾನು ಸಾಮಾನ್ಯವಾಗಿ ಕಂಡಿರುವುದು ಇಷ್ಟು. ಕಾಲರ್ ಅಟ್ಯಾಚ್, ಸ್ಲೀವ್ ಅಟ್ಯಾಚ್, ಕಫ್ ಅಟ್ಯಾಚ್ ಈ ಮೂರರಲ್ಲಿ ಎಲ್ಲಾದರೂ ಒಂದು ಕಡೆ ಕೆಲಸ ಕಟ್ಟಿಕೊಳ್ಳುತ್ತದೆ. ಅಲ್ಲಿ ಹೊಲಿಯಬೇಕಾದ ಬಟ್ಟೆಯ ಬಂಡಲ್‌ಗಳ ರಾಶಿ, ಅದರ ಮುಂದಿನವರ ಬಳಿ ಖಾಲಿ ಮೇಜು. ಖಾಲಿ ಕುಳಿತವರ ಅಂಕಿ ಸಂಜೆ ಕಡಿಮೆ ಬಂದಾಗ ಬೈಗುಳ ತಿನ್ನುವವರೂ ಅವರೇ. ಕಟಿಂಗ್‌ನಿಂದ ಕಾಲರಿನ ಭಾಗಗಳು ಬಂದು ಕಫ್ ಬಾರದಿದ್ದರೆ ಲೈನಿಗೆ ಕೆಲಸ ಹಾಕುವುದೇ (ಲೋಡಿಂಗ್) ನಿಲ್ಲುತ್ತದೆ. ಸೂಜಿ ಮುರಿದರೆ ಮುರಿದ ಚೂರುಗಳನ್ನೆಲ್ಲ ಹುಡುಕಿ, ರಿಜಿಸ್ಟರಿನಲ್ಲಿ ಅಂಟಿಸಿ, ಸಹಿ ಹಾಕಿದ ಮೇಲೆಯೇ ಹೊಸ ಸೂಜಿ ಸಿಗುತ್ತದೆ. ತೊಟ್ಟವರ ಮೈಗೆ ಚುಚ್ಚಬಾರದೆಂಬ ಕಾರಣಕ್ಕೆ ಆ ನಿಯಮ ಅಗತ್ಯವೇ ಸರಿ, ಆದರೆ ಸೂಜಿ ಕೊಡುವವರು ಫ್ಲೋರಿನ ಆಚೆ ತುದಿಯಲ್ಲಿ ಕುಳಿತಿದ್ದರೆ ಪ್ರತಿ ಸೂಜಿಗೂ ಹತ್ತು ನಿಮಿಷ ಹೋಗುತ್ತದೆ.

ಇನ್ನೊಂದು ವಿಷಯ. ಎರಡೂ ಲೈನ್‌ಗಳಿಗೆ ಈ ಸ್ಟೈಲ್ ಒಂದೇ ದಿನ ಹತ್ತಿದೆಯೇ? ಹೊಸ ಸ್ಟೈಲ್ ಹತ್ತಿದ ಮೊದಲ ದಿನಗಳಲ್ಲಿ ಯಾವ ಲೈನಾದರೂ ನಿಧಾನವಾಗಿಯೇ ಓಡುತ್ತದೆ, ಕೈಗೆ ಕೆಲಸ ಹತ್ತಿದ ಮೇಲೆ ವೇಗ ಬರುತ್ತದೆ. ಒಂದನೇ ಲೈನ್ ಒಂದು ವಾರ ಮೊದಲು ಆರಂಭಿಸಿದ್ದರೆ ತಾವು ಎರಡು ಬೇರೆ ಬೇರೆ ಹಂತಗಳನ್ನು ಹೋಲಿಸುತ್ತಿದ್ದೀರಿ.

ಉತ್ತರ: ಮಾಜಿ ಟೈಲರ್, ಈಗ ಕಾರ್ಮಿಕ ಸಂಘಟನೆಯಲ್ಲಿ

ಮೇಲಿನ ಹಿರಿಯರು ನಿಮಿಷಗಳ ಲೆಕ್ಕವನ್ನು ಚೆನ್ನಾಗಿ ಬಿಡಿಸಿದ್ದಾರೆ. ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಬಹಳ ವರ್ಷ ಮೆಷಿನ್ ಮುಂದೆ ಕುಳಿತವಳಾಗಿ, ಅವರ ಪಟ್ಟಿಯಲ್ಲಿ ಕಾಣಿಸದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಗಂಟೆಗೊಮ್ಮೆ ಬೋರ್ಡಿನ ಮೇಲೆ ಅಂಕಿ ಬರೆಯುವ ಪದ್ಧತಿ ನಿಮ್ಮಲ್ಲಿಯೂ ಇರಬಹುದು. ಹತ್ತು ಗಂಟೆಗೆ ಟಾರ್ಗೆಟ್ 70, ಆಗಿರುವುದು 52 ಎಂದು ಸೀಮೆಸುಣ್ಣದಲ್ಲಿ ಬರೆದ ಕೂಡಲೇ ಲೈನಿನ ಕೊನೆಯಿಂದ ಸೂಪರ್‌ವೈಸರ್ ಧ್ವನಿ ಏರುತ್ತದೆ. ಆ ಹೊತ್ತಿನಲ್ಲಿ ಬೈಸಿಕೊಂಡವರ ಕೈ ಮುಂದಿನ ಅರ್ಧ ಗಂಟೆ ಹಿಡಿತಕ್ಕೆ ಬರುವುದಿಲ್ಲ. ಹೊಲಿಗೆ ಅಂಚು ಬಿಟ್ಟು ಓಡುತ್ತದೆ, ಚೆಕ್ಕರ್ ಪೀಸನ್ನು ಹಿಂದಕ್ಕೆ ಕಳಿಸುತ್ತಾರೆ, ಬಿಚ್ಚುವುದರಲ್ಲಿ ಇನ್ನಷ್ಟು ಹೊತ್ತು ಹೋಗುತ್ತದೆ, ಹನ್ನೊಂದರ ಅಂಕಿ ಹತ್ತರ ಅಂಕಿಗಿಂತಲೂ ಕೆಳಗಿಳಿಯುತ್ತದೆ. ಆದ್ದರಿಂದ ಗದರಿಸುವವರನ್ನು ತಂದು ಹಾಕುವ ಸಲಹೆಯನ್ನು ದಯವಿಟ್ಟು ಕೈಬಿಡಿ. ಅಂಥವರು ಬಂದ ಮೊದಲ ವಾರ ಉತ್ಪಾದನೆ ಏರಿದಂತೆ ಕಾಣುವುದು ನಿಜ. ಎರಡನೇ ತಿಂಗಳಲ್ಲಿ ಒಳ್ಳೆಯ ಟೈಲರ್‌ಗಳು ಎದುರಿನ ಕಾರ್ಖಾನೆಯ ಗೇಟಿನಲ್ಲಿ ನಿಂತಿರುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಬಿಡುವುದಕ್ಕೆ ಯಾರೂ ಅರ್ಜಿ ಬರೆಯುವುದಿಲ್ಲ, ಸಂಬಳದ ಮಾರನೆಯ ದಿನ ಸುಮ್ಮನೆ ಬರುವುದಿಲ್ಲ.

ಟಾಯ್ಲೆಟ್‌ಗೆ ಹೋಗಲು ಟೋಕನ್ ಇಟ್ಟಿರುವ ಕಡೆ ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಶೀಟಿನ ಛಾವಣಿಯ ಕೆಳಗೆ, ಮಗ್ಗುಲಲ್ಲಿ ಐರನ್ ಟೇಬಲಿನ ಹಬೆ ಹೊಡೆಯುತ್ತಿರುವಾಗ, ನೀರು ಕುಡಿಯದೆ ಎಂಟು ಗಂಟೆ ಕುಳಿತವರಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ತಲೆ ಸುತ್ತುತ್ತದೆ. ಅದು ನಿಮ್ಮ ರಿಜಿಸ್ಟರಿನಲ್ಲಿ ಮಧ್ಯಾಹ್ನದ ಮೇಲೆ ದಕ್ಷತೆಯ ಕುಸಿತವೆಂದು ದಾಖಲಾಗುತ್ತದೆ. ನಿಮ್ಮ ಎರಡನೇ ಲೈನ್ ಐರನ್ ಟೇಬಲುಗಳಿರುವ ಫಿನಿಶಿಂಗ್ ವಿಭಾಗದ ಪಕ್ಕದಲ್ಲಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಗೈರುಹಾಜರಿಯ ಹಿಂದೆಯೂ ಕಾರಣಗಳಿರುತ್ತವೆ. ಮಗುವಿಗೆ ಜ್ವರ ಬಂದರೆ ತಾಯಿ ಮನೆಯಲ್ಲಿ ಉಳಿಯುತ್ತಾಳೆ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳಲು ಕ್ರೆಷ್ ಇರಬೇಕೆಂಬುದು ಕಾರ್ಖಾನೆ ಕಾಯ್ದೆಯಲ್ಲಿದ್ದ ಹಳೆಯ ನಿಯಮ. ಹಲವು ಕಡೆ ಆಡಿಟ್‌ನವರು ಬರುವ ದಿನ ಮಾತ್ರ ಅದರ ಬಾಗಿಲು ತೆರೆಯುತ್ತದೆ, ಗೋಡೆಯ ಮೇಲಿನ ಗಿಳಿ ನವಿಲುಗಳ ಚಿತ್ರಗಳಿಗೆ ಮಕ್ಕಳ ಕೈ ತಾಕಿದ ಗುರುತೂ ಇರುವುದಿಲ್ಲ. ಹಳ್ಳಿಯಿಂದ ಬರುವ ವ್ಯಾನ್ ಕೆಟ್ಟರೆ ಒಂದೇ ಊರಿನ ಏಳೆಂಟು ಜನ ಒಟ್ಟಿಗೆ ಬರುವುದಿಲ್ಲ; ಅವರೆಲ್ಲ ಒಂದೇ ಲೈನಿನಲ್ಲಿದ್ದರೆ ಆ ದಿನ ಆ ಲೈನ್ ನಿಂತಂತೆಯೇ. ಊರ ಜಾತ್ರೆಗೆ, ಗೌರಿ ಹಬ್ಬಕ್ಕೆ ರಜೆ ಕೊಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದರೂ ಜನ ಹೋಗಿಯೇ ಹೋಗುತ್ತಾರೆ. ಮೊದಲೇ ಕೇಳಿ ಬರೆದಿಟ್ಟುಕೊಂಡರೆ ನಿಮಗೆ ಯೋಜನೆ ಹಾಕಲಾದರೂ ಅನುಕೂಲ.

ಇನ್ನು ಮುಖ್ಯವಾದ ಮಾತು. ಟೈಲರ್‌ಗಳು ತಮಗೆ ಗೊತ್ತಿರುವ ಕೆಲಸವನ್ನು ಬಚ್ಚಿಡುತ್ತಾರೆ, ಮಾಡಬಲ್ಲ ವೇಗವನ್ನೂ ಬಚ್ಚಿಡುತ್ತಾರೆ. ಇದನ್ನು ಮೀಟಿಂಗಿನಲ್ಲಿ ಕುಳಿತವರು ಆಸಕ್ತಿಯಿಲ್ಲ ಎನ್ನುತ್ತಾರೆ. ನನಗೆ ಸ್ಲೀವ್, ಕಾಲರ್, ಓವರ್‌ಲಾಕ್ ಮೂರೂ ಬರುತ್ತವೆಂದು ತಿಳಿದರೆ ಯಾರು ಬಾರದಿದ್ದರೂ ಆ ಸೀಟಿಗೆ ನನ್ನನ್ನೇ ಎಬ್ಬಿಸಿ ಕೂರಿಸುತ್ತಾರೆ, ಸಂಬಳ ಮಾತ್ರ ಒಂದು ಕೆಲಸದ್ದೇ. ಗಂಟೆಗೆ 60 ಮಾಡುವ ಕಡೆ 70 ಮಾಡಿ ತೋರಿಸಿದರೆ ನಾಳೆಯಿಂದ ಟಾರ್ಗೆಟ್ಟೇ 70 ಆಗುತ್ತದೆ, ನಾಡಿದ್ದು 80. ಅದು ನನಗೊಬ್ಬಳಿಗಲ್ಲ, ಪಕ್ಕದಲ್ಲಿ ಕುಳಿತ ಬಸುರಿ ಹೆಣ್ಣುಮಗಳಿಗೂ ಅಷ್ಟೇ ಆಗುತ್ತದೆ. ಹಾಗಾಗಿ ಹೆಚ್ಚು ಓಡಬೇಡ ಎಂದು ಪಕ್ಕದವರು ಕಣ್ಣಿನಲ್ಲಿಯೇ ಹೇಳುತ್ತಾರೆ, ಅದನ್ನು ಎಲ್ಲರೂ ಪಾಲಿಸುತ್ತಾರೆ. ಕ್ಯಾಮೆರಾದಲ್ಲಿ ಇದು ಕಾಣಿಸುವುದಿಲ್ಲ.

ಸಂಬಳದ ಮೊತ್ತ ಎಷ್ಟೆಂಬುದರ ಜೊತೆಗೆ ಲೆಕ್ಕ ನೇರವಾಗಿದೆಯೇ ಎಂಬುದೂ ಅಷ್ಟೇ ತೂಕದ ವಿಷಯ. ಓವರ್‌ಟೈಮ್‌ಗೆ ದುಪ್ಪಟ್ಟು ಕೊಡಬೇಕೆಂಬುದು 1948ರ ಕಾಯ್ದೆಯಿಂದಲೇ ಇದ್ದ ನಿಯಮ. ಆದರೆ ಆರ್ಡರ್ ಇಲ್ಲದ ದಿನ ರಜೆ ಕೊಟ್ಟು, ಅದರ ಬದಲಿಗೆ ಭಾನುವಾರ ಬಿಟ್ಟಿ ದುಡಿಸಿ, ಅದಕ್ಕೆ ಕಾಂಪ್ ಆಫ್ ಎಂದು ಹೆಸರಿಡುವ ಕಾರ್ಖಾನೆಗಳಿವೆ. ಅಂಥ ಭಾನುವಾರದ ಉತ್ಪಾದನೆ ಎಷ್ಟಿರುತ್ತದೆಂದು ನಿಮ್ಮ ರಿಜಿಸ್ಟರನ್ನೇ ಕೇಳಿ. ಪಿಎಫ್ ಹಣ ಹಿಂಪಡೆಯುವ ನಿಯಮವನ್ನು ಬಿಗಿಗೊಳಿಸಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳಿಗೆ ಇಳಿದು, ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಡುವಂತೆ ಮಾಡಿದವರು ಈ ಹೆಣ್ಣುಮಕ್ಕಳೇ. ಲೆಕ್ಕ ಗೊತ್ತಿಲ್ಲದವರೆಂದು ಯಾರೂ ಅವರನ್ನು ಭಾವಿಸಬಾರದು.

ಉತ್ತರ: ಪೀಣ್ಯದ ಸಣ್ಣ ಕೈಗಾರಿಕೆ

ನಾನು ಪೀಣ್ಯದಲ್ಲಿ ಸಿಎನ್‌ಸಿ ಟರ್ನಿಂಗ್ ಜಾಬ್‌ವರ್ಕ್ ನಡೆಸುತ್ತೇನೆ, ಅಂದರೆ ಕಂಪ್ಯೂಟರ್ ನಿಯಂತ್ರಿತ ಲೇತ್‌ಗಳಲ್ಲಿ ಲೋಹದ ಭಾಗಗಳನ್ನು ಕಡೆದು ಕೊಡುತ್ತೇನೆ. ಬಟ್ಟೆಯ ಕೆಲಸ ನನಗೆ ಗೊತ್ತಿಲ್ಲ. ಆದರೂ ಈ ಚರ್ಚೆಯಲ್ಲಿ ಸಂಬಳದ ಮೊತ್ತ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿರುವುದನ್ನು ನೋಡಿ ಬರೆಯುತ್ತಿದ್ದೇನೆ. ಒಳ್ಳೆಯ ಮಾತು, ಒಳ್ಳೆಯ ಗಾಳಿ, ಬೆಳಕು ಎಲ್ಲವೂ ಬೇಕು. ಆದರೆ ಐಟಿಐ ಮುಗಿಸಿ ಎರಡು ವರ್ಷ ಕೆಲಸ ಕಲಿತ ಹುಡುಗನಿಗೆ ಪಕ್ಕದ ಶೆಡ್ಡಿನವರು ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಕೊಡುತ್ತೇನೆಂದರೆ ಅವನು ಹೊರಡುತ್ತಾನೆ, ಹೊರಡಲೂಬೇಕು. ಅವನ ಜೊತೆಗೆ ಮೆಷಿನ್ ಸೆಟ್ಟಿಂಗಿನ ಜ್ಞಾನವೂ ಹೋಗುತ್ತದೆ.

ಫೋರ್ಡ್ ಕಾರ್ಖಾನೆಯ ಹಳೆಯ ಕಥೆ ಎಲ್ಲರಿಗೂ ಗೊತ್ತಿರಬಹುದು. 1913ರಲ್ಲಿ ಡೆಟ್ರಾಯಿಟ್ ಬಳಿಯ ಆ ಕಾರ್ಖಾನೆಯಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ವರ್ಷಕ್ಕೆ ಶೇ 370ರಷ್ಟಿತ್ತು, ಅಂದರೆ ಒಂದು ಸೀಟಿಗೆ ವರ್ಷದಲ್ಲಿ ಮೂರು ನಾಲ್ಕು ಜನರನ್ನು ಹುಡುಕಬೇಕಾಗುತ್ತಿತ್ತು. 1914ರ ಜನವರಿಯಲ್ಲಿ ದಿನಗೂಲಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡಿ ಐದು ಡಾಲರಿಗೆ ಏರಿಸಿ, ಪಾಳಿಯನ್ನು ಒಂಬತ್ತರಿಂದ ಎಂಟು ಗಂಟೆಗೆ ಇಳಿಸಿದ ಮೇಲೆ ಬಿಟ್ಟು ಹೋಗುವುದೂ ಗೈರುಹಾಜರಿಯೂ ಭಾರಿ ಪ್ರಮಾಣದಲ್ಲಿ ತಗ್ಗಿದವು. ಉದಾರತೆಯಿಂದ ಮಾಡಿದ್ದಲ್ಲ, ಲೆಕ್ಕ ಹಾಕಿಯೇ ಮಾಡಿದ್ದು.

ಆದರೆ ಇನ್ಸೆಂಟಿವ್ ಯಾವುದಕ್ಕೆ ಕೊಡುತ್ತೇವೆ ಎಂಬುದರಲ್ಲಿ ಎಚ್ಚರ ಬೇಕು. ನಮ್ಮ ಕೆಲಸದಲ್ಲಿ ಒಂದು ಪೀಸಿಗೆ ಮೆಷಿನ್ ತೆಗೆದುಕೊಳ್ಳುವ ಸೈಕಲ್ ಟೈಮ್ ಪ್ರೋಗ್ರಾಮಿನಲ್ಲಿಯೇ ನಿಗದಿಯಾಗಿರುತ್ತದೆ. ಆಪರೇಟರ್ ಎಷ್ಟು ಹುರುಪಿನಿಂದಿದ್ದರೂ ಸ್ಪಿಂಡಲ್ ಅದಕ್ಕಿಂತ ಬೇಗ ತಿರುಗುವುದಿಲ್ಲ. ಅವನ ಕೈಯಲ್ಲಿರುವುದು ಒಂದು ಜಾಬ್ ಇಳಿಸಿ ಇನ್ನೊಂದನ್ನು ಸೆಟ್ ಮಾಡುವ ವೇಳೆ, ಲೋಹ ಕಡೆಯುವ ಮೊನೆ (ಇನ್ಸರ್ಟ್) ಸವೆದದ್ದನ್ನು ಸಕಾಲದಲ್ಲಿ ಗುರುತಿಸುವುದು, ಮೊದಲ ಪೀಸನ್ನು ಮೈಕ್ರೋಮೀಟರಿನಲ್ಲಿ ಅಳೆದು ಅಳತೆಯ ತಿದ್ದುಪಡಿ (ಆಫ್‌ಸೆಟ್) ಕೊಡುವುದು. ಪೀಸಿನ ಎಣಿಕೆಗೆ ಹಣ ಕೊಟ್ಟ ಪಕ್ಕದ ಶೆಡ್ಡಿನಲ್ಲಿ ಸವೆದ ಇನ್ಸರ್ಟಿನಲ್ಲಿಯೇ ಪಾಳಿ ಮುಗಿಸುವ ಅಭ್ಯಾಸ ಶುರುವಾಗಿ, ಇಡೀ ಲಾಟ್ ಓವರ್‌ಸೈಜ್ ಎಂದು ವಾಪಸ್ ಬಂತು. ನಾವು ಪಾಸಾದ ಪೀಸಿಗೆ ಮಾತ್ರ, ಅದೂ ಸೆಟ್ಟರ್ ಮತ್ತು ಆಪರೇಟರ್ ಇಬ್ಬರಿಗೂ ಸೇರಿಸಿ ಕೊಡುತ್ತೇವೆ. ನಿಮ್ಮ ಲೈನಿನಲ್ಲಿ ನಲವತ್ತು ಜನ ಒಬ್ಬರ ಕೈಯಿಂದ ಇನ್ನೊಬ್ಬರು ಪೀಸ್ ತೆಗೆದುಕೊಳ್ಳುವುದರಿಂದ ಒಬ್ಬೊಬ್ಬರಿಗೆ ಪೀಸಿನ ಲೆಕ್ಕದಲ್ಲಿ ಕೊಟ್ಟರೆ ನಡುವೆ ರಾಶಿ ಬೆಳೆಯುವುದೇ ಹೊರತು ಕೊನೆಯಲ್ಲಿ ಶರ್ಟ್ ಹೆಚ್ಚುವುದಿಲ್ಲ.

ಉತ್ತರ: ನಿರ್ವಹಣಾಶಾಸ್ತ್ರದ ಅಧ್ಯಾಪಕಿ, ಮೈಸೂರು

ಪ್ರಶ್ನೆ ಕೇಳಿದವರು ಗಟ್ಟಿಯಾದ ಆಧಾರ ಬೇಕೆಂದಿದ್ದರಿಂದ, ಮೇಲಿನ ಅನುಭವಗಳಿಗೆ ಹೊಂದುವ ಕೆಲವು ಅಧ್ಯಯನಗಳನ್ನು ಹೇಳುತ್ತೇನೆ. ಇವುಗಳಲ್ಲಿ ಹಲವು ನಮ್ಮ ದೇಶದವೇ, ಕೆಲವಂತೂ ಬೆಂಗಳೂರಿನ ಗಾರ್ಮೆಂಟ್ಸ್ ಫ್ಲೋರಿನಲ್ಲಿಯೇ ನಡೆದವು.

ಪಠ್ಯಪುಸ್ತಕಗಳೆಲ್ಲ ಅಮೆರಿಕದ ಹಾಥಾರ್ನ್ ಕಾರ್ಖಾನೆಯಿಂದ ಆರಂಭವಾಗುತ್ತವೆ. ಶಿಕಾಗೊ ಬಳಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ಆ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ಪ್ರಯೋಗಗಳು ನಡೆದವು. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ಇಳಿಸಿದರೂ ಏರಿತು, ಆದ್ದರಿಂದ ಗಮನ ಕೊಟ್ಟರೆ ಸಾಕು ಎಂಬ ಕಥೆಯನ್ನು ಇಂದಿಗೂ ಪಾಠ ಮಾಡುತ್ತೇವೆ. ಬೆಳಕಿನ ಪ್ರಯೋಗದ ಮೂಲ ಅಂಕಿಗಳನ್ನು ಇತ್ತೀಚಿನ ವರ್ಷಗಳಲ್ಲಿ ಹುಡುಕಿ ತೆಗೆದು ಪರೀಕ್ಷಿಸಿದವರಿಗೆ ಆ ಕಥೆ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ನನ್ನ ಮಟ್ಟಿಗೆ ಅಲ್ಲಿನ ಹೆಚ್ಚು ಉಪಯುಕ್ತ ಭಾಗ 1931–32ರಲ್ಲಿ ವೈರಿಂಗ್ ಮಾಡುವ 14 ಜನ ಗಂಡಸರನ್ನು ಒಂದು ಕೋಣೆಯಲ್ಲಿ ಗಮನಿಸಿದ್ದು. ಗುಂಪಿನ ಇನ್ಸೆಂಟಿವ್ ಇದ್ದರೂ, ದಿನಕ್ಕೆ ಇಷ್ಟು ಮಾಡಿದರೆ ಸಾಕೆಂದು ಅವರು ತಮ್ಮೊಳಗೆ ನಿರ್ಧರಿಸಿಕೊಂಡು, ಮೀರಿದವರನ್ನು ಗೇಲಿ ಮಾಡಿ ತಹಬಂದಿಗೆ ತರುತ್ತಿದ್ದರು. ಮೇಲೆ ಟೈಲರ್ ಮೇಡಂ ಹೇಳಿದ ಕಣ್ಣಿನ ಸನ್ನೆ ಅದೇ.

ಸೆಕೆಯ ವಿಚಾರದಲ್ಲಿ ಪುರಾವೆ ಬಲವಾಗಿದೆ. ಭಾರತದ ಕಾರ್ಖಾನೆಗಳ ಕುರಿತು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ತಾಪಮಾನ ಒಂದು ಡಿಗ್ರಿ ಏರಿದರೆ ಕಾರ್ಖಾನೆಯ ವಾರ್ಷಿಕ ಉತ್ಪಾದನೆ ಶೇ 2ರಷ್ಟು ತಗ್ಗುತ್ತದೆ. ಒಳಗೆ ತಂಪು ಮಾಡಿದರೆ ಕೆಲಸದ ವೇಗ ಉಳಿಯುತ್ತದೆ, ಆದರೆ ಗೈರುಹಾಜರಿ ತಗ್ಗುವುದಿಲ್ಲ, ಏಕೆಂದರೆ ಮನೆಯಲ್ಲಿ ಸೆಕೆ ಹಾಗೆಯೇ ಇರುತ್ತದೆ. ಬೆಂಗಳೂರಿನ ಹೊಲಿಗೆ ಲೈನ್‌ಗಳಲ್ಲಿ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ವಿದ್ಯುತ್ತಿನ ಜೊತೆಗೆ, ಬಿಸಿಲು ಹೆಚ್ಚಿದ ದಿನಗಳಲ್ಲಿ ಕುಸಿಯುತ್ತಿದ್ದ ದಕ್ಷತೆಯ ದೊಡ್ಡ ಪಾಲೂ ಉಳಿಯಿತು. ತಲೆಯ ಮೇಲೆ ಸಾಲಾಗಿ ಉರಿಯುವ ದೀಪಗಳ ಕಾವು ಅಷ್ಟು ಕೆಲಸ ಕೆಡಿಸುತ್ತಿತ್ತು.

ಸಂಬಳದ ಬಗ್ಗೆ ಪೀಣ್ಯದವರ ಮಾತನ್ನು ನಾನು ಒಪ್ಪುತ್ತೇನೆ, ಒಂದೆರಡು ಸಂಗತಿ ಸೇರಿಸುತ್ತೇನೆ. ಒಡಿಶಾದಲ್ಲಿ ಎಲೆಯ ತಟ್ಟೆ ಹೆಣೆಯುವ ಕೆಲಸಗಾರರಿಗೆ ಕೂಲಿಯ ಒಂದು ಭಾಗವನ್ನು ಕೆಲವು ದಿನ ಮೊದಲೇ ಕೊಟ್ಟ ಪ್ರಯೋಗವೊಂದರಲ್ಲಿ, ಕೂಲಿಯ ದರ ಹೆಚ್ಚಿಸದಿದ್ದರೂ ಉತ್ಪಾದನೆ ಶೇ 7ರಷ್ಟು ಏರಿತು, ತಪ್ಪುಗಳೂ ಕಡಿಮೆಯಾದವು. ಕೈಗೆ ಹಣ ಬಂದ ಕೂಡಲೇ ಅವರು ತೀರಿಸಿದ್ದು ಸಾಲವನ್ನು. ತಲೆಯಲ್ಲಿ ಸಾಲದ ಚಿಂತೆ ತುಂಬಿದ್ದರೆ ಕೈ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಅದೇ ರಾಜ್ಯದ ಇನ್ನೊಂದು ಪ್ರಯೋಗದಲ್ಲಿ, ಒಂದೇ ಕೆಲಸಕ್ಕೆ ಬೇರೆ ಬೇರೆ ಕೂಲಿ ಕೊಟ್ಟಾಗ ಕಡಿಮೆ ಪಡೆದವರ ಉತ್ಪಾದನೆಯೂ ಹಾಜರಾತಿಯೂ ಬಿದ್ದವು. ಆದರೆ ಯಾರು ಹೆಚ್ಚು ಮಾಡುತ್ತಾರೆಂಬುದು ಎಲ್ಲರ ಕಣ್ಣಿಗೂ ಕಾಣುವಂತಿದ್ದಾಗ ಅದೇ ವ್ಯತ್ಯಾಸ ಯಾರನ್ನೂ ನೋಯಿಸಲಿಲ್ಲ. ಸಂಬಳದ ಲೆಕ್ಕ ಹದಗೆಟ್ಟರೆ ಏನಾಗುತ್ತದೆ ಎಂಬುದನ್ನು 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಂಡೆವು: ಪಾಳಿಯನ್ನು 8ರಿಂದ 12 ಗಂಟೆಗೆ ಬದಲಿಸಿದ ಮೇಲೆ ಹಾಜರಾತಿಯ ಹಾಗೂ ವೇತನದ ದಾಖಲೆ ಸರಿಯಾಗಿರಲಿಲ್ಲವೆಂದು ಸರ್ಕಾರದ ತಪಾಸಣೆಯೇ ಹೇಳಿತು. ಅಷ್ಟರಲ್ಲಿ ಸಿಟ್ಟಿಗೆದ್ದ ಕೆಲಸಗಾರರ ದಾಂಧಲೆಯಲ್ಲಿ ಗಾಜು, ಯಂತ್ರಗಳೆಲ್ಲ ಪುಡಿಯಾಗಿದ್ದವು.

ತರಬೇತಿಯ ಕುರಿತು ತಾವು ಕೇಳಿದ್ದಿರಿ. ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರಿಗೆ ಹೊಲಿಗೆಯಲ್ಲದೆ ಮಾತುಕತೆ, ಸಮಯದ ನಿರ್ವಹಣೆ, ಹಣಕಾಸಿನ ತಿಳಿವಳಿಕೆಯಂಥ ವಿಷಯಗಳಲ್ಲಿ ತರಬೇತಿ ಕೊಟ್ಟು ಅಧ್ಯಯನ ಮಾಡಿದಾಗ ಅವರ ಉತ್ಪಾದನೆ ಗಣನೀಯವಾಗಿ ಏರಿತು, ಅದೇ ಲೈನಿನಲ್ಲಿದ್ದ ಇತರರದೂ ಸ್ವಲ್ಪ ಏರಿತು. ಅವರ ಸಂಬಳ ಮಾತ್ರ ಹೆಚ್ಚೇನೂ ಏರಲಿಲ್ಲ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. ಕೆಲಸ ಬಚ್ಚಿಡುವ ಕುರಿತು ಮೇಲೆ ಹೇಳಿದ ಮಾತಿನ ಪಕ್ಕದಲ್ಲಿ ಇದನ್ನಿಟ್ಟು ಓದಿಕೊಳ್ಳಿ.

ಇನ್ನು ನಿರ್ವಹಣೆ. ಮುಂಬಯಿ ಸುತ್ತಮುತ್ತಲಿನ ಬಟ್ಟೆ ಗಿರಣಿಗಳಲ್ಲಿ ಸರಕನ್ನು ಎಣಿಸಿ ಜೋಡಿಸುವುದು, ಮಗ್ಗಗಳನ್ನು ಕೆಡುವ ಮೊದಲೇ ದುರಸ್ತಿ ಮಾಡುವುದು, ದೋಷಗಳನ್ನು ದಿನವೂ ಬರೆದು ಚರ್ಚಿಸುವುದು, ಇಂಥ ಸಾಧಾರಣ ಕ್ರಮಗಳನ್ನು ಜಾರಿಗೆ ತಂದ ಪ್ರಯೋಗವೊಂದು ಮೊದಲ ವರ್ಷದಲ್ಲಿಯೇ ಉತ್ಪಾದಕತೆಯನ್ನು ಶೇ 17ರಷ್ಟು ಏರಿಸಿತೆಂದು 2013ರಲ್ಲಿ ವರದಿಯಾಯಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿ 1982ರಲ್ಲಿ ಮುಚ್ಚಿದ ಜನರಲ್ ಮೋಟಾರ್ಸ್ ಕಾರ್ಖಾನೆಯನ್ನು, ಟೊಯೊಟಾದ ಪಾಲುದಾರಿಕೆಯಲ್ಲಿ 1984ರಲ್ಲಿ ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳಬರೇ, ಸಂಘವೂ ಹಳೆಯದೇ. ದೋಷ ಕಂಡರೆ ಹಗ್ಗ ಎಳೆದು ಲೈನನ್ನೇ ನಿಲ್ಲಿಸುವ ಅಧಿಕಾರ ಈಗ ಅವರ ಕೈಯಲ್ಲಿತ್ತು. ಗೈರುಹಾಜರಿ ತೀರಾ ತಗ್ಗಿತು, ಗುಣಮಟ್ಟ ಜನರಲ್ ಮೋಟಾರ್ಸ್‌ನ ಒಳ್ಳೆಯ ಕಾರ್ಖಾನೆಗಳ ಸಾಲಿಗೆ ಬಂತು. ತಮ್ಮ ಮೀಟಿಂಗಿನಲ್ಲಿ ಹೇಳಲು ಒಂದೇ ಉದಾಹರಣೆ ಬೇಕಿದ್ದರೆ ಇದನ್ನು ಹೇಳಿ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಧನ್ಯವಾದಗಳು. ಐಇ ಸರ್ ಹೇಳಿದಂತೆ ಒಂದು ವಾರ ಎರಡೂ ಲೈನ್‌ಗಳಲ್ಲಿ ಗುರುತು ಹಾಕಿದೆವು, ಹೆಸರು ಬರೆಯಲಿಲ್ಲ. ಎರಡನೇ ಲೈನಿನಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಸಲ ಜನ ಪೀಸ್ ಬಾರದೆ ಕಾಯುತ್ತಿದ್ದರು. ಅದರಲ್ಲಿ ಹೆಚ್ಚಿನದು ಸ್ಲೀವ್ ಅಟ್ಯಾಚ್ ಆದ ಮೇಲಿನ ಸೀಟುಗಳಲ್ಲಿ. ಒಂದನೇ ಲೈನಿನಲ್ಲಿ ಸ್ಲೀವ್‌ಗೆ ನುರಿತವರು ಇಬ್ಬರಿದ್ದಾರೆ, ಎರಡನೆಯದರಲ್ಲಿ ಒಬ್ಬರೇ. ಕಟಿಂಗ್‌ನ ಟ್ರಾಲಿ ಮೊದಲು ಒಂದನೇ ಲೈನಿಗೆ ಬಂದು, ಅಲ್ಲಿ ಪೂರ್ತಿ ತುಂಬಿದ ಮೇಲೆ ಉಳಿದದ್ದು ಎರಡನೆಯದಕ್ಕೆ ಹೋಗುತ್ತಿತ್ತು. ಇದನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡಿರಲಿಲ್ಲ. ಟ್ರಾಲಿ ಬರುವ ಬಾಗಿಲು ಆ ಕಡೆಗಿದೆ, ಅಷ್ಟೇ. ಫಿನಿಶಿಂಗ್‌ನ ಐರನ್ ಟೇಬಲುಗಳು ಎರಡನೇ ಲೈನಿಗೆ ಹತ್ತಿರವಾಗಿರುವುದೂ ನಿಜ. ಚೆಕ್ಕರ್ ಹಿಂದಕ್ಕೆ ಕಳಿಸಿದ ಪೀಸ್‌ಗಳನ್ನು ಸಂಜೆಯವರೆಗೆ ಒಟ್ಟು ಮಾಡಿ ಒಮ್ಮೆಗೇ ಕೊಡುವ ಪದ್ಧತಿಯೂ ಅಲ್ಲಿಯೇ ಇದ್ದದ್ದು. ಸೂಪರ್‌ವೈಸರ್ ಅವರ ಮೆತ್ತಗಿನ ಸ್ವಭಾವಕ್ಕೂ ಇವುಗಳಿಗೂ ಯಾವ ಸಂಬಂಧವೂ ಕಾಣಲಿಲ್ಲ.

ಟ್ರಾಲಿಯ ಸರದಿಯನ್ನು ಬದಲಿಸಿದ್ದೇವೆ. ಹಿಂದಕ್ಕೆ ಬಂದ ಪೀಸನ್ನು ಗಂಟೆಗೊಮ್ಮೆ ಕೊಡುವಂತೆ ಚೆಕ್ಕರಿಗೆ ಹೇಳಿದ್ದೇವೆ. ಉಳಿದಿರುವ ಸಮಸ್ಯೆ ಸ್ಲೀವಿನದು. ಅದೇ ಲೈನಿನಲ್ಲಿ ಪಾಕೆಟ್ ಹೊಲಿಯುವ ಒಬ್ಬರು ಹಿಂದಿನ ಕಾರ್ಖಾನೆಯಲ್ಲಿ ಸ್ಲೀವ್ ಮಾಡುತ್ತಿದ್ದರೆಂದು ಕೇಳಿದ್ದೇನೆ. ಕರೆದು ಕೇಳಿದರೆ ತಮಗೆ ಬರುವುದಿಲ್ಲವೆಂದು ತಲೆಯಾಡಿಸುತ್ತಾರೆ. ಏನು ಮಾಡಬೇಕು?

ಉತ್ತರ: ಮಾಜಿ ಟೈಲರ್, ಈಗ ಕಾರ್ಮಿಕ ಸಂಘಟನೆಯಲ್ಲಿ

ಅವರು ಹಾಗೆ ಹೇಳದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು. ಲೈನಿನ ನಡುವೆ ಎಲ್ಲರೆದುರು ಮತ್ತೆ ಕೇಳಬೇಡಿ. ಅಲ್ಲಿ ಹೂಂ ಎಂದರೆ ಪಕ್ಕದವರ ಜೊತೆ ಊಟಕ್ಕೆ ಕೂರುವುದು ಕಷ್ಟವಾಗುತ್ತದೆ. ಎಚ್‌ಆರ್‌ನವರ ಬಳಿ ಹೋಗಿ, ಎರಡು ಕಠಿಣ ಆಪರೇಷನ್ ಬಲ್ಲವರಿಗೆ ಮೇಲಿನ ಗ್ರೇಡಿನ ಸಂಬಳ ಕೊಡುವ ಆದೇಶವನ್ನು ಬರಹದಲ್ಲಿ ಮಾಡಿಸಿ, ಫ್ಲೋರಿನಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿ, ಕೆಲಸ ಪರೀಕ್ಷಿಸುವ ದಿನವನ್ನೂ ಅದರಲ್ಲಿಯೇ ಬರೆಯಿರಿ. ಆ ದಿನ ನೀವು ಕೇಳಿರುವ ಒಬ್ಬರಲ್ಲ, ಮೂರು ನಾಲ್ಕು ಜನ ಸ್ಲೀವ್ ಹೊಲಿದು ತೋರಿಸುತ್ತಾರೆ. ಆಯ್ಕೆಯಾದವರನ್ನು ಎರಡನೇ ಲೈನಿನಲ್ಲಿಯೇ ಉಳಿಸಿಕೊಳ್ಳುತ್ತೀರೆಂದೂ ಬೇರೆ ಲೈನಿಗೆ ಎಳೆದಾಡುವುದಿಲ್ಲವೆಂದೂ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಆದೇಶದಲ್ಲಿಯೇ ಸೇರಿಸಿ. ಸ್ಲೀವ್ ಸರಿಹೋಗಿ ಉತ್ಪಾದನೆ 450ಕ್ಕೆ ಏರಿದ ದಿನವೇ ಬೋರ್ಡಿನ ಮೇಲಿನ ಟಾರ್ಗೆಟ್ ತಿದ್ದಲು ಯಾರಾದರೂ ಸೀಮೆಸುಣ್ಣ ಹಿಡಿದು ಬಂದೇ ಬರುತ್ತಾರೆ. ಈ ಸ್ಟೈಲ್ ಮುಗಿಯುವವರೆಗೆ ಅವರನ್ನು ತಡೆಯುವುದು ನಿಮ್ಮ ಕೆಲಸ.